ಕೊಳೆತ ಬೊಡ್ಡೆಗೆ ಬೆಂಕಿ ಇಡೋ ಮುಂಚೆ

ನಮ್ಮ ಬಸರಾಳು ಕಡೆ ಬದುವಿನ ಮೇಲೆ ಕೊಳೆತ ಬೊಡ್ಡೆ ಕಂಡ್ರೆ ಬೆಂಕಿ ಇಡೋದೇ ರೂಢಿ. "ಗಲೀಜು, ರೋಗ ಬತ್ತದೆ" ಅಂತೀವಿ. ಎಲ್ಲಾ ಬೊಡ್ಡೆಗೂ ಆ ಮಾತು ಒಪ್ಪಲ್ಲ ಅನ್ನೋದು ನನ್ನ ಅಭಿಪ್ರಾಯ.

ಭತ್ತಕ್ಕೆ ದುಂಡಾಣು ಅಂಗಮಾರಿ ಬಂದಾಗ ನಾವು ಹೊಡೀತಿದ್ದ ಪುಡಿ ನೆನಪಿದೆಯಲ್ಲ? ಅದರಲ್ಲಿ ಇದ್ದದ್ದು ಸ್ಟ್ರೆಪ್ಟೋಮೈಸಿನ್, ಜೊತೆಗೆ ಸ್ವಲ್ಪ ಟೆಟ್ರಾಸೈಕ್ಲಿನ್. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಅದನ್ನ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದರು. ಮೊದಲ ಮಳೆಗೆ ಮಣ್ಣು ಘಮ್ಮನ್ನೋದೂ ಆ ಕುಲದ ಜೀವಿಗಳಿಂದಲೇ. ಕೊಳೆತ ಮರ, ತರಗು, ಗೊಬ್ಬರದ ಗುಂಡಿಯಲ್ಲೂ ಅವು ಇರ್ತವೆ.

ಮರ ಕೊಳೆಯೋ ಜಾಗದಲ್ಲಿ ಊಟಕ್ಕೆ ಕಿತ್ತಾಟ. ಪಕ್ಕದವರನ್ನ ದೂರ ಇಡೋಕೆ ಒಂದೊಂದು ಜೀವಿನೂ ವಿಷ ಸುರಿಸ್ತದೆ. ಆ ವಿಷವೇ ನಮಗೆ ಔಷಧಿ. ಕೊಳೆತದ್ದನ್ನ ತಿಂದು ಬದುಕೋ ಅಣಬೆಯೊಂದರಿಂದ 1951ರಲ್ಲಿ ಪ್ಲೂರೋಮ್ಯುಟಿಲಿನ್ ಸಿಕ್ತು. ಅದರಿಂದ ಮಾಡಿದ ಟಿಯಾಮುಲಿನ್ ಕೋಳಿ, ಹಂದಿಗೆ ಕೊಡ್ತಾರೆ. 2019ರಲ್ಲಿ ಅದೇ ಕುಟುಂಬದ ಲೆಫಾಮುಲಿನ್‌ಗೆ ಮನುಷ್ಯರ ನ್ಯುಮೋನಿಯಾಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

ಸ್ಟ್ರೆಪ್ಟೋಮೈಸಿನ್ ಕ್ಷಯಕ್ಕೂ ಔಷಧಿ. ಗದ್ದೆಗೆ ಹೊಡೆದೂ ಹೊಡೆದೂ ರೋಗಾಣು ಅದಕ್ಕೆ ಒಗ್ಗಿಬಿಟ್ರೆ ಆಸ್ಪತ್ರೇಲಿ ನಮ್ಮ ಮಕ್ಕಳಿಗೇ ಕಷ್ಟ. ಅದಕ್ಕೇ ಕೇಂದ್ರ ಸರ್ಕಾರ 2024ರ ಜನವರಿ 1ರಿಂದ ಬೆಳೆಗೆ ಅದರ ಬಳಕೆ ನಿಲ್ಲಿಸಿದೆ. ಇದು ಸರಿಯಾದ ತೀರ್ಮಾನ ಅಂತಲೇ ನಾನು ಹೇಳ್ತೀನಿ.

ಹಂಗಂತ ಕೊಳೆತ ಮರ ನೆನೆಸಿದ ನೀರು ಹೊಡೆಯೋಕೆ ಹೋಗಬೇಡಿ. ಒಂದೇ ಬೊಡ್ಡೆಯಲ್ಲಿ ಮಿತ್ರನೂ ಇರ್ತಾನೆ, ಶತ್ರುನೂ ಇರ್ತಾನೆ. ತೆಂಗಿನ ಅಣಬೆ ರೋಗದ ಗ್ಯಾನೊಡರ್ಮಾ ಕೊಳೆತ ಬುಡದಲ್ಲೇ ಬೆಳೆಯೋದು. ಆ ರೋಗದಿಂದ ಸತ್ತ ತೆಂಗನ್ನ ಬೇರು ಸಮೇತ ಅಗೆದು ಸುಡಲೇಬೇಕು. ಬೇವು, ಹೊಂಗೆ, ಹುಣಸೆ ತುಂಡುಗಳನ್ನ ಮಾತ್ರ ಬದುವಿನ ಮೂಲೇಲಿ ಕೊಳೆಯೋಕೆ ಬಿಡಿ, ತರಗು ಸುಡಬೇಡಿ.

ಅಂಗಮಾರಿಗೆ ಸದ್ಯಕ್ಕೆ ಇರೋ ದಾರಿ: ಕೆಜಿ ಬಿತ್ತನೆಗೆ 10 ಗ್ರಾಂ ಸೂಡೊಮೊನಾಸ್ ಪುಡಿ ಲೇಪಿಸಿ, ಯೂರಿಯಾ ಹಿಡಿತದಲ್ಲಿಡಿ, ರೋಗದ ಗದ್ದೆ ನೀರು ಪಕ್ಕದ ಗದ್ದೆಗೆ ಬಿಡಬೇಡಿ. ಸೂಡೊಮೊನಾಸ್ ಕೂಡ ಬೇರಿನ ಬಳಿ ಮಣ್ಣಲ್ಲಿ ಸಿಗೋ ಜೀವಿನೇ.

ನಾಳೆಯ ಔಷಧಿ ನಮ್ಮ ಬದುವಿನಲ್ಲೇ ಇರಬಹುದು. ಅದನ್ನ ಹುಡುಕೋದು ವಿಜ್ಞಾನಿಗಳ ಕೆಲಸ, ಸುಡದೆ ಉಳಿಸೋದು ನಮ್ಮ ಕೆಲಸ. ವಿ.ಸಿ. ಫಾರಂ ಕಡೆ ಹೋದಾಗ "ನಮ್ಮ ಮಣ್ಣಿನ ಜೀವಿಗಳನ್ನೂ ಪರೀಕ್ಷೆ ಮಾಡಿ ಸ್ವಾಮಿ" ಅಂತ ನಾವೇ ಕೇಳಬೇಕು. ಏನಂತೀರಾ ಅಣ್ಣಂದಿರೇ?