ವಿಮೆಗೆ ಸಿಕ್ಕದ ವೆಚ್ಚ

ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ಸ್ಥಗಿತಗೊಂಡು, 2022ರಲ್ಲಿ ಪುನಃ ಘೋಷಿತವಾದ ಯಶಸ್ವಿನಿ ಆರೋಗ್ಯ ವಿಮಾ ಯೋಜನೆಯು ಶಸ್ತ್ರಚಿಕಿತ್ಸೆಯ ಭಾರವನ್ನು ಹಗುರಗೊಳಿಸಿತೆಂಬುದು ನಿರ್ವಿವಾದವಾದುದು. ಆದರೆ ಮಂಡ್ಯ ಜಿಲ್ಲೆಯಲ್ಲಿ ಕಾವೇರಿಯ ನಾಲೆಗಳಿಂದ ಹಸಿರಾದ ಶ್ರೀರಂಗಪಟ್ಟಣ, ಪಾಂಡವಪುರಗಳ ರೈತನಿಗೆ ಮೈಸೂರಿನ ದೊಡ್ಡಾಸ್ಪತ್ರೆಯು ಸಮೀಪದಲ್ಲಿರುವಂತೆ, ಮಳೆಯನ್ನೇ ನೆಚ್ಚಿದ ನಾಗಮಂಗಲದ ಒಳನಾಡಿನವನಿಗಾಗಲಿ ಕೃಷ್ಣರಾಜಪೇಟೆಯ ಗಡಿಗ್ರಾಮದವನಿಗಾಗಲಿ ಇಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯವಿರುವುದೊಂದು ಸಮಾಧಾನ. ಆದರೂ ದಾರಿಖರ್ಚು, ರೋಗಿಯ ಜೊತೆಗೆ ಹೋದವರ ಕೂಲಿನಷ್ಟ, ಮನೆಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಕೊಳ್ಳಬೇಕಾದ ಔಷಧ, ಇವಾವುವೂ ವಿಮೆಯ ಲೆಕ್ಕಕ್ಕೆ ಬಾರವು. ನೀತಿನಿರೂಪಕರು ಜಿಲ್ಲೆಯ ಸರಾಸರಿಯೊಂದನ್ನೇ ನೆಚ್ಚದೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಚಿಕಿತ್ಸೆಗಾಗುವ ಮನೆಖರ್ಚನ್ನು ಬೇರೆಬೇರೆಯಾಗಿ ಅಳೆಯಿಸಬೇಕೆಂಬುದು ನಮ್ಮ ಆಗ್ರಹ. ಸಾಲಮಾಡಿ ತಾಯಿಗೆ ಚಿಕಿತ್ಸೆ ಕೊಡಿಸಿದವನ ಬಾಗಿಲಿಗೆ ಸಂಶೋಧಕರು ಮೊದಲು ಹೋಗಲಿ.