ಎಂ.ಕಾಂ ಆನ್‌ಲೈನೋ, ಕಾಲೇಜೋ? ಶುಲ್ಕ ಕಟ್ಟುವ ಮೊದಲು ಈ ಲೆಕ್ಕ ಹಾಕಿ

ಕೋಲ್ಕತ್ತಾ: ಬಿ.ಕಾಂ ಮುಗಿಸಿ ಅಕೌಂಟ್ಸ್ ಕ್ಷೇತ್ರದಲ್ಲೇ ಮುಂದುವರಿಯುವವರಿಗೆ ಈ ನಗರದಲ್ಲಿ ಎರಡೂ ದಾರಿಗಳಿವೆ. 1857ರಲ್ಲಿ ಆರಂಭವಾದ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ತರಗತಿಗೆ ಹೋಗಿ ಎಂ.ಕಾಂ ಓದಬಹುದು. ನೇತಾಜಿ ಸುಭಾಷ್ ಮುಕ್ತ ವಿವಿ ಅಥವಾ ಇಗ್ನೋ ಮೂಲಕ ದೂರಶಿಕ್ಷಣದಲ್ಲೂ ಓದಬಹುದು.

ಬೆಲೆ ಯಾವುದಕ್ಕೆ ಹೆಚ್ಚು? ನಿಯಮದ ಪ್ರಕಾರ ಎರಡೂ ಸಮ. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಹಾಗೂ ದೂರಶಿಕ್ಷಣ ಪದವಿಗಳು ರೆಗ್ಯುಲರ್ ಪದವಿಗೆ ತತ್ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಈ ವೃತ್ತಿಯ ಅಸಲಿ ಪ್ರಶ್ನೆಯೇ ಬೇರೆ. ಎಂ.ಕಾಂ ಎಲ್ಲಿಂದ ಪಡೆದರೂ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಸಿಗುವುದಿಲ್ಲ. ಅದಕ್ಕೆ ಸಿಎ ಆಗಿರಬೇಕು. ಕಾಸ್ಟ್ ಆಡಿಟ್‌ಗಾದರೆ ಸಿಎಂಎ ಬೇಕು. ಆ ಕೋರ್ಸ್ ನಡೆಸುವ ಸಂಸ್ಥೆಯ ಕಚೇರಿ ಕೋಲ್ಕತ್ತಾದಲ್ಲೂ ಇದೆ.

ಸಿಎ ಓದುವವರು ಈಗ 2 ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು. ಹಗಲೆಲ್ಲ ಆಡಿಟ್ ಕಚೇರಿಯಲ್ಲಿ ಕಳೆಯುವವರಿಗೆ, ಉದ್ಯೋಗದಲ್ಲಿರುವವರಿಗೆ ಮನೆಯಿಂದ ಓದುವ ಎಂ.ಕಾಂ ಅನುಕೂಲ. ಬೋಧನೆ, ಸಂಶೋಧನೆಯ ಗುರಿಯಿದ್ದರೆ ಅಥವಾ ಕ್ಯಾಂಪಸ್ ಸಂದರ್ಶನದ ನಿರೀಕ್ಷೆಯಿದ್ದರೆ ಕಾಲೇಜೇ ಲೇಸು.

ಕನ್ನಡಿಗರು ಒಂದು ಪಾಠ ಮರೆಯಬಾರದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ 2013-14ರಿಂದ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಅದು ಮರಳುವವರೆಗೆ ವಿದ್ಯಾರ್ಥಿಗಳು ಅತಂತ್ರರಾಗಿದ್ದರು. ಹೀಗಾಗಿ ವಿವಿಯ ಹೆಸರಷ್ಟೇ ನೋಡಿದರೆ ಸಾಲದು. ನೀವು ಸೇರುವ ಕೋರ್ಸ್‌ಗೆ, ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂದು ಯುಜಿಸಿ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಿ.