ಹಳೆ ಮನೆ ಉಳಿದದ್ದು ಯಾರ ಪಾಲಿನಿಂದ?

ಬಸವನಗುಡಿಯಲ್ಲಿ ಮಂಕಿಟಾಪ್ ಮನೆಯೊಂದು ನೆಲಕ್ಕುರುಳಿದಾಗಲೆಲ್ಲ ಕೇಳಿಬರುವುದು ಒಂದೇ ಮಾತು: ‘ಈಗಿನ ಮಕ್ಕಳಿಗೆ ಹಿರಿಯರು ಕಟ್ಟಿದ ಮನೆಯ ಬೆಲೆ ಗೊತ್ತಿಲ್ಲ’. ಬೆಲೆಯೇನೋ ಚೆನ್ನಾಗಿ ಗೊತ್ತಿದೆ. ಗಾಂಧಿ ಬಜಾರಿನ ಆಸುಪಾಸಿನಲ್ಲಿ ದರ ಇರುವುದು ಸೈಟಿಗೆ. ಅದರ ಮೇಲಿರುವ ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲುಗಳನ್ನು ಲೆಕ್ಕಕ್ಕೆ ಹಿಡಿಯುವವನು ಹಳೆ ಮರಮುಟ್ಟಿನ ವ್ಯಾಪಾರಿ ಮಾತ್ರ. ಹಾಗೆಂದು ಎಲ್ಲವನ್ನೂ ಮಕ್ಕಳ ದುರಾಸೆಯ ತಲೆಗೆ ಕಟ್ಟಿದರೆ ಇನ್ನೊಂದು ಪ್ರಶ್ನೆ ಮರೆಯಾಗುತ್ತದೆ: ಈ ಮನೆಗಳು ಇಷ್ಟು ಕಾಲ ಒಡೆಯದೆ ನಿಂತದ್ದಾದರೂ ಹೇಗೆ?

1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಖಾಲಿ ಮಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನೌಕರಿಯ, ವಕೀಲಿಯ ಸಂಪಾದನೆಯಲ್ಲಿ ಒಬ್ಬರು ಮನೆ ಕಟ್ಟಿದರು; ಗಂಡುಮಕ್ಕಳು ಅಲ್ಲೇ ಸಂಸಾರ ಹೂಡಿದರು; ಹೆಣ್ಣುಮಕ್ಕಳು ಬಾಣಂತನಕ್ಕೆ, ಬೇಸಿಗೆ ರಜೆಗೆ, ಕಡಲೆಕಾಯಿ ಪರಿಷೆಗೆ ಬಂದು ಹೋದರು. ಅವರಿಗೆ ಅದು ತವರು. ತವರು ಬೇರೆ, ಪಾಲು ಬೇರೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತ್ತು. ಆದರೆ ಅದರ 23ನೇ ಕಲಮನ್ನು ಓದಬೇಕು. ಕುಟುಂಬ ವಾಸವಾಗಿರುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಮಗಳು ವಿಭಾಗ ಕೇಳುವಂತಿರಲಿಲ್ಲ. ಅವಿವಾಹಿತೆಯೋ ವಿಧವೆಯೋ ಗಂಡನಿಂದ ದೂರವಾದವಳೋ ಆಗಿದ್ದರೆ ಅಲ್ಲಿ ಇರಬಹುದಿತ್ತು. ಗಂಡನೊಡನೆ ಬಾಳುತ್ತಿರುವವಳಿಗೆ ಆ ಹಕ್ಕೂ ಇಲ್ಲ. ಜಮೀನು, ಬ್ಯಾಂಕಿನ ಹಣದಲ್ಲಿ ಸಮಪಾಲು. ಮನೆಯ ಹೊಸ್ತಿಲಲ್ಲಿ ಮಾತ್ರ ಅಣ್ಣ-ತಮ್ಮಂದಿರ ಅಪ್ಪಣೆ!

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಹೇಳಿತಾದರೂ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ 23ನೇ ಕಲಮನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ.

ನಾವು ಪರಂಪರೆ ಎಂದು ಕೊಂಡಾಡುವ ಮನೆಗಳು ಅಖಂಡವಾಗಿ ಉಳಿದದ್ದರಲ್ಲಿ ಅಕ್ಕ-ತಂಗಿಯರ ಕೇಳದ ಪಾಲಿನದೂ ದೊಡ್ಡ ಪಾತ್ರ ಎನ್ನುವುದು ನನ್ನ ವಾದ. ಗೌರಿ ಹಬ್ಬಕ್ಕೆ ಬಾಗಿನ ಬಂದರೆ ಸಾಕು, ತವರಿನ ಬಾಗಿಲು ತೆರೆದಿರಲಿ ಎಂದು ಅವರು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದರು. ಈಗ ಹಾಗೆ ಹಾಕದವಳಿಗೆ ‘ಮನೆ ಒಡೆದವಳು’ ಎಂಬ ಬಿರುದು. 40-60ರ ಸೈಟಿನಲ್ಲಿ ಐದು ಸಮಪಾಲೆಂದರೆ ಗೋಡೆ ಹಾಕಿ ಹಂಚುವಂಥದ್ದಲ್ಲ. ಉಳಿದ ನಾಲ್ವರ ಪಾಲನ್ನು ಇಂದಿನ ದರದಲ್ಲಿ ಕೊಳ್ಳುವ ಶಕ್ತಿ ಅಲ್ಲೇ ವಾಸವಿರುವ ನಿವೃತ್ತ ಅಣ್ಣನಿಗೆಲ್ಲಿ ಬರಬೇಕು? ಬಿಲ್ಡರ್ ಬರುತ್ತಾನೆ.

ಅಣ್ಣನ ಕಷ್ಟವೂ ಸಣ್ಣದಲ್ಲ. ಕೊನೆಗಾಲದಲ್ಲಿ ತಂದೆ ತಾಯಿಯನ್ನು ನೋಡಿಕೊಂಡವರಿಗೆ ಪಾಲಿನ ಲೆಕ್ಕದಲ್ಲಿ ಪ್ರತ್ಯೇಕ ಅಂಕಣವಿಲ್ಲ. ಅತ್ತೆ-ಮಾವನ ಹಾಸಿಗೆ ಪಕ್ಕ ರಾತ್ರಿಗಟ್ಟಲೆ ಎಚ್ಚರವಿದ್ದ ಸೊಸೆಗಂತೂ ಆ ಮನೆಯಲ್ಲಿ ಸ್ವಂತ ಪಾಲೇ ಇಲ್ಲ. ಅವಳ ಪಾಲಿರುವುದು ಚಾಮರಾಜಪೇಟೆಯ ಇನ್ನೊಂದು ಹಳೆ ಮನೆಯಲ್ಲಿ, ಅವಳಣ್ಣನ ಅಪ್ಪಣೆಗೆ ಕಾದು.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಗದ್ದಲವಾಗಿ, ಕೊನೆಗೆ ಅದು ಸರ್ಕಾರದ ಕೈಸೇರಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಎಲ್ಲರ ತಾತನೂ ಕಾದಂಬರಿ ಬರೆದಿರುವುದಿಲ್ಲ. ಬೀದಿಯ ಚೆಲುವಿಗಾಗಿ ಮನೆ ಉಳಿಯಬೇಕೆಂದರೆ ಅದರ ಖರ್ಚಿನಲ್ಲಿ ಊರೂ ಕೈಜೋಡಿಸಬೇಕು: ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಬಳಸದ ಕಟ್ಟಡ ಹಕ್ಕನ್ನು ಬೇರೆಡೆ ಮಾರುವ ಅವಕಾಶ. ಮುಂಬೈ 1995ರಲ್ಲೇ ಖಾಸಗಿ ಕಟ್ಟಡಗಳನ್ನೂ ಪಟ್ಟಿಗೆ ಸೇರಿಸಿ ಪಾರಂಪರಿಕ ನಿಯಮಾವಳಿ ತಂದಿತು. ಅದಿಲ್ಲದೆ ಫೋಟೊ ತೆಗೆದು ಮರುಗುವುದು ಸುಲಭ. ಮರುಗುವವರಿಗೆ ಅಲ್ಲಿ ಪಾಲಿಲ್ಲವಲ್ಲ.

ಈಗ ಕೊಳ್ಳುವವರ ವಕೀಲರು ಕ್ರಯಪತ್ರ, ಖಾತೆಯ ಜೊತೆಗೇ ವಂಶವೃಕ್ಷವನ್ನೂ ಕೇಳುತ್ತಾರೆ. ಐವತ್ತು ವರ್ಷದ ಹಿಂದೆ ಮದುವೆಯಾಗಿ ಹೋದ ಅತ್ತೆ, ಆಕೆ ಇಲ್ಲದಿದ್ದರೆ ಆಕೆಯ ಮಕ್ಕಳು, ಎಲ್ಲರನ್ನೂ ಹುಡುಕಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತರಬೇಕು. ಎಷ್ಟೋ ಮನೆಗಳಲ್ಲಿ ಅತ್ತೆಯ ಪೂರ್ತಿ ಹೆಸರು ಮೊಮ್ಮಕ್ಕಳಿಗೆ ತಿಳಿಯುವುದು ಆಗಲೇ.